ಸಭೆ, ಇಗರ್ಜಿ, ಹಟ್ಟಿ: ನೀಲಗಿರಿಯಲ್ಲಿ ಒಂದು ಪದದ ಪರೀಕ್ಷೆ

ಕ್ರೈಸ್ತರ ‘ಚರ್ಚ್’ಗೆ ಕನ್ನಡದಲ್ಲಿ ಒಂದೇ ಹೆಸರು ನೆಲೆಗೊಂಡಿಲ್ಲ. ಕರಾವಳಿಯ ಕಥೋಲಿಕರ ‘ಇಗರ್ಜಿ’ ಪೋರ್ಚುಗೀಸರಿಂದ ಬಂದದ್ದು. ಕೇಳಿದೊಡನೆ ಗೋಪುರವೂ ಗಂಟೆಯೂ ಕಣ್ಣಿಗೆ ಕಟ್ಟುತ್ತವೆ. ಪ್ರಾಟೆಸ್ಟೆಂಟ್ ಬೈಬಲ್ ಅನುವಾದಕರು ಆರಿಸಿಕೊಂಡದ್ದು ‘ಸಭೆ’ಯನ್ನು. ಎರಡರ ಹಿಂದೆಯೂ ಇರುವುದು ‘ಎಕ್ಲೇಸಿಯಾ’ ಎಂಬ ಒಂದೇ ಗ್ರೀಕ್ ಪದ. ಅಥೆನ್ಸಿನಲ್ಲಿ ಅದು ನಾಗರಿಕರ ಸಭೆ. ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದದಲ್ಲಿ ದೇವರ ಮುಂದೆ ನೆರೆದ ಇಸ್ರಾಯೇಲ್ ಜನ. ನಾಲ್ಕು ಸುವಾರ್ತೆಗಳ ಪೈಕಿ ಮತ್ತಾಯನಲ್ಲಿ ಮಾತ್ರ, 16 ಮತ್ತು 18ನೆಯ ಅಧ್ಯಾಯಗಳಲ್ಲಿ, ಈ ಪದ ಬರುತ್ತದೆ. ಅದಕ್ಕೆ ಮೈತುಂಬಿಸಿದವನು ಪೌಲ: ಅವನ ದೃಷ್ಟಿಯಲ್ಲಿ ಸಭೆಯೆಂದರೆ ಅಂಗಗಳು ಒಂದನ್ನೊಂದು ಬಿಟ್ಟಿರಲಾರದ ದೇಹ. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ಸಭೆಗೆ ಎರಡೇ ಗುರುತು ಹೇಳಿತು: ಸುವಾರ್ತೆಯ ಶುದ್ಧ ಬೋಧನೆ, ಸಂಸ್ಕಾರಗಳ ಸರಿಯಾದ ಆಚರಣೆ.

ಹೊಲ, ಮನೆ, ಮದುವೆ, ಮಣ್ಣು ಕೊಡುವ ಹೆಗಲುಗಳ ಮಾತು ಅಲ್ಲಿಲ್ಲ. ಯೂರೋಪಿನಲ್ಲಿ ಅದರ ಅಗತ್ಯವೂ ಇರಲಿಲ್ಲ. ಊರೇ ಸಭೆಯಾಗಿತ್ತು, ಸಭೆಯೇ ಊರಾಗಿತ್ತು. ಕೊರತೆ ಕಂಡದ್ದು ನೀಲಗಿರಿಯ ಕೇತಿಯಂಥ ಕಡೆ.

ಅಲ್ಲಿ ನೆಲೆಸಿದ್ದ ನಾಗರಿಕ ಸೇವೆಯ ಅಧಿಕಾರಿ ಜಾರ್ಜ್ ಕ್ಯಾಸಮೇಜರ್ ಬಡಗರಿಗಾಗಿ ಕನ್ನಡ ಕಲಿತು ಶಾಲೆ ತೆರೆದಿದ್ದ. 1846ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು; ಬಂದವರಲ್ಲಿ ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದ ವೈಗ್ಲೆಯೂ ಇದ್ದ. ಹೀಗೆ ‘ಸಭೆ’ ಬಡಗರ ಹಟ್ಟಿಗಳನ್ನು ಮುಟ್ಟಿದ್ದು ಅವರ ಮನೆಮಾತಿನಲ್ಲಲ್ಲ, ಬಯಲಿನ ಬರಹದ ಕನ್ನಡದಲ್ಲಿ. (ಆ ಕನ್ನಡ ಬಡಗರಿಗೆ ಪೂರ್ತಿ ಪರಕೀಯವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.) ಮೊದಲ ದೀಕ್ಷಾಸ್ನಾನಕ್ಕೆ 1858ರವರೆಗೆ ಕಾಯಬೇಕಾಯಿತು.

ಹನ್ನೆರಡು ವರ್ಷಗಳ ಈ ತಡಕ್ಕೆ ಬೋಧನೆಯ ಕೊರತೆಯನ್ನು ಕಾರಣವೆನ್ನಲಾಗದು. ಫ್ರೀಡ್ರಿಕ್ ಮೆಟ್ಸ್ ಹಟ್ಟಿಯಿಂದ ಹಟ್ಟಿಗೆ ನಡೆದು ಬಡಗರ ಮಾತಿನಲ್ಲೇ ಸಾರುತ್ತಿದ್ದ. ಕೇಳುವವರಿದ್ದರು, ಹಟ್ಟಿಯನ್ನು ಬಿಟ್ಟು ಬರುವವರಿರಲಿಲ್ಲ. ‘ಎಕ್ಲೇಸಿಯಾ’ದ ಧಾತುವಿನಲ್ಲಿ ‘ಹೊರಗೆ ಕರೆ’ ಎಂಬ ಅರ್ಥ ಅಡಗಿದೆ. ದೇವತಾಶಾಸ್ತ್ರಕ್ಕೆ ಅದೊಂದು ರೂಪಕ. ಸ್ನಾನ ಪಡೆದ ಬಡಗನಿಗೆ ಮಾತ್ರ ಮನೆಯ ಹೊಸಿಲಿನ ಲೆಕ್ಕ. ಹೊರಗೆ ಬಂದವನಿಗೆ ಸಭೆ ಭಾನುವಾರದ ಕೂಟವಾದರೆ ಸಾಲದು, ಅದೇ ಹಟ್ಟಿಯಾಗಬೇಕು. ಕರಾವಳಿಯಲ್ಲಿ ಬಾಸೆಲ್‌ನವರಿಗೆ ಈ ಪಾಠ ಆಗಲೇ ಆಗುತ್ತಿತ್ತು: ಮಗ್ಗಗಳೂ 1865ರ ಜೆಪ್ಪು ಹಂಚಿನ ಕಾರ್ಖಾನೆಯೂ ಕುಲದೊಡನೆ ಕಸುಬನ್ನೂ ಕಳೆದುಕೊಂಡವರಿಗೆ ಅನ್ನ ಕೊಟ್ಟವು. ಇದನ್ನು ಬರಿಯ ಆಮಿಷವೆಂದು ತಳ್ಳಿಹಾಕುವ ವಾದ ಪೌಲನ ದೇಹದ ರೂಪಕವನ್ನು ಹಗುರಾಗಿ ಓದಿದೆ. ಆದರೆ ಕೂಲಿ ಕೊಡುವವನೂ ಪಾದ್ರಿಯೂ ಒಂದೇ ಸಂಸ್ಥೆಯವರಾದಾಗ ಸಭೆಯಲ್ಲಿ ಎದುರು ಮಾತಾಡುವ ಸದಸ್ಯ ಹುಟ್ಟುವುದು ಕಷ್ಟ ಎಂಬುದೂ ಅಷ್ಟೇ ನಿಜ.

ಅನ್ನದಿಂದ ತುಂಬಲಾಗದ ಜಾಗವೊಂದು ಉಳಿಯಿತು. ಬಡಗರ ಶವಸಂಸ್ಕಾರದಲ್ಲಿ ಹಿರಿಯನೊಬ್ಬ ಸತ್ತವನ ಪಾಪಗಳನ್ನು ಒಂದೊಂದಾಗಿ ಎಲ್ಲರ ಮುಂದೆ ಹೇಳುತ್ತಿದ್ದ, ನೆರೆದವರು ದನಿಗೂಡಿಸುತ್ತಿದ್ದರು, ಪಾಪದ ಹೊರೆ ಕರುವಿನ ಮೇಲೆ ಹೋಗುತ್ತಿತ್ತು. ಪಾಪವನ್ನು ಒಟ್ಟಾಗಿ ಒಪ್ಪಿ ಒಟ್ಟಾಗಿ ಇಳಿಸುವ ಈ ಕೂಟವೂ ಒಂದು ಅರ್ಥದಲ್ಲಿ ಸಭೆಯೇ. ಮಿಷನ್ನಿನ ಉತ್ತರ ಸ್ಪಷ್ಟವಿತ್ತು: ಆ ಹೊರೆಯನ್ನು ಕ್ರಿಸ್ತ ಆಗಲೇ ಹೊತ್ತಿದ್ದಾನೆ, ಕರು ಬೇಡ. ದೀಕ್ಷೆ ಪಡೆದ ಮಗ ಅದನ್ನು ನಂಬಿಯೇ ಬಂದವನು. ತಂದೆ ಸತ್ತ ದಿನ, ಗುಡ್ಡದಾಚೆಯ ಹಟ್ಟಿಯಲ್ಲಿ ಆ ದನಿಗಳು ಎದ್ದಾಗ, ಅವನು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆಗ್ಸ್‌ಬರ್ಗ್‌ನ ಎರಡು ಗುರುತುಗಳಲ್ಲಿ ಉತ್ತರವಿರಲಿಲ್ಲ.