ಸಾಕ್ಷಿಯಿಲ್ಲದ ಸಂಕಲ್ಪ: ದಾನಚಿಂತಾಮಣಿ ಅತ್ತಿಮಬ್ಬೆ

ಪರರಿಂದ ಪಡೆದ ಸಾಲಕ್ಕೆ ಪತ್ರವುಂಟು, ಸಾಕ್ಷಿಯುಂಟು. ಗಡುವು ಮೀರಿದರೆ ಬಾಗಿಲಿಗೆ ಬಂದು ಕೇಳುವವರುಂಟು. ಆದರೆ ಮನುಷ್ಯನು ತನಗೆ ತಾನೇ ಕೊಟ್ಟ ಮಾತಿಗೆ ಇವಾವುವೂ ಇಲ್ಲ. ಆದುದರಿಂದಲೇ ಅದನ್ನು ಮುರಿಯುವುದು ಸುಲಭ, ನಡೆಸುವುದು ಕಠಿಣ. ಇಂತಹ ಮಾತನ್ನು ಬಾಳಿನುದ್ದಕ್ಕೂ ನಡೆಸಿದವರಲ್ಲಿ ಅತ್ತಿಮಬ್ಬೆಯ ಹೆಸರು ಕನ್ನಡ ನಾಡಿನ ಚರಿತ್ರೆಯಲ್ಲಿ ಅಗ್ರಗಣ್ಯವಾದುದು.

ಈಕೆ ದಂಡನಾಯಕ ಮಲ್ಲಪಯ್ಯನ ಮಗಳು. ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿಯಾದ ಧಲ್ಲಪನ ಸೊಸೆ. ಈಕೆಯೂ ತಂಗಿ ಗುಂಡಮಬ್ಬೆಯೂ ಧಲ್ಲಪನ ಮಗ ನಾಗದೇವನ ಕೈಹಿಡಿದಿದ್ದರು. ನಾಗದೇವನು ಅಕಾಲದಲ್ಲಿ ಮರಣಹೊಂದಲು ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನ ಪಾಲನೆಗಾಗಿ ಉಳಿದು, ವ್ರತನಿಯಮಗಳ ಬಾಳನ್ನು ಕೈಕೊಂಡಳು. ಅಗ್ನಿಪ್ರವೇಶಕ್ಕೆ ಒಂದು ಗಳಿಗೆಯ ಧೈರ್ಯ ಸಾಕು. ವ್ರತಕ್ಕೆ ಪ್ರತಿದಿನವೂ ಧೈರ್ಯ ಬೇಕು.

ಆ ಕಾಲದಲ್ಲಿ ಗ್ರಂಥವೆಂದರೆ ಓಲೆಗರಿ. ಒಂದೊಂದು ಅಕ್ಷರವನ್ನೂ ಕಂಠದಿಂದ ಕೊರೆಯಬೇಕು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಆಕೆ ಹೀಗೆ ಬರೆಯಿಸಿ ಹಂಚಿದಳು. ಚಿನ್ನ ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಐನೂರು ಪ್ರತಿಗಳಿಗೇ ನಿಲ್ಲಿಸಿದ್ದರೆ ಲೆಕ್ಕ ಕೇಳುವವರು ಯಾರಿದ್ದರು? ಪೊನ್ನನ ಭುವನೈಕರಾಮಾಭ್ಯುದಯವು ಕಾಲಗರ್ಭದಲ್ಲಿ ಲುಪ್ತವಾಯಿತು. ಶಾಂತಿಪುರಾಣವಾದರೋ ಇಂದಿಗೂ ಉಳಿದಿದೆ. ಸಹೃದಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಶ್ರವಣಬೆಳಗೊಳದ ಗೊಮ್ಮಟ ಜಿನನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ಆಕೆ ನಿಯಮ ತಳೆದು ಬೆಟ್ಟವನ್ನೇರಿದಳೆಂದೂ, ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ತಂಪಾಯಿತೆಂದೂ ಐತಿಹ್ಯವಿದೆ. ಮಳೆ ದೈವಕೃಪೆಯಿರಬಹುದು, ಹತ್ತಿದ ಹೆಜ್ಜೆಗಳು ಮಾತ್ರ ಆಕೆಯವೇ.

ಕ್ರಿ. ಶ. 993ರಲ್ಲಿ ಆಕೆಯ ಆಶ್ರಯದಲ್ಲಿ ರನ್ನನು ಅಜಿತಪುರಾಣವನ್ನು ರಚಿಸಿದನು. 997ರಲ್ಲಿ ತೈಲಪನ ಆಳ್ವಿಕೆ ಮುಗಿದು ಸತ್ಯಾಶ್ರಯನು ಪಟ್ಟವೇರಿದನು. ಅರಸು ಬದಲಾದರೂ ಆಕೆಯ ನಿಷ್ಠೆ ಬದಲಾಗಲಿಲ್ಲ. 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯದ ಶಾಸನವು ಆಕೆಯ ಧರ್ಮಕಾರ್ಯವನ್ನು ಸಾರಿತು. ಗದಗ ಜಿಲ್ಲೆಯ ಆ ಊರಿನಲ್ಲಿ ಆ ಬಸದಿ ಇಂದೂ ನಿಂತಿದೆ.

ಐಶ್ವರ್ಯವಿದ್ದವರು ದಾನ ಮಾಡುವುದು ಅಪೂರ್ವವಲ್ಲ. ಆಕೆಯಷ್ಟು ಸಿರಿ ಎಲ್ಲರಿಗೂ ಇರದು. ಆದರೆ ನಿತ್ಯ ಒಂದು ಪುಟದ ಸ್ವಾಧ್ಯಾಯವನ್ನೋ, ವಾರಕ್ಕೊಂದು ಏಕಭುಕ್ತವನ್ನೋ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು, ಯಾರೂ ನೋಡದಿರುವಾಗಲೂ ಅದನ್ನು ತಪ್ಪದೆ ನಡೆಸುವುದು ಬಡವನಿಗೂ ಸಾಧ್ಯ. ಅಂತರಂಗದ ಖಾತೆಯಲ್ಲಿ ಬಾಕಿಯಿಲ್ಲದಂತೆ ಬಾಳುವುದೇ ಆ ಮಹಾತಾಯಿಗೆ ಸಲ್ಲಿಸುವ ನಿಜವಾದ ಗೌರವವು.