ಒಂದು ಸಹಿಯ ಇತಿಹಾಸ

ನಮ್ಮ ಸಂಘದ ಕುಟುಂಬಗಳಲ್ಲಿ ಇಂಜಿನಿಯರುಗಳಿಗೂ ಲೆಕ್ಕಪತ್ರ ನೋಡುವವರಿಗೂ ಬರವಿಲ್ಲ. ಅಮೆರಿಕದಲ್ಲಿ ಇಂಥ ಕೆಲಸದಲ್ಲಿರುವವರ ಮೇಜಿನ ಮೇಲೆ ಇಂದಲ್ಲ ನಾಳೆ ರಕ್ಷಣಾ ಕಂಟ್ರಾಕ್ಟಿನ ಕಾಗದವೊಂದು ಬಂದು ಬೀಳುವ ಸಂಭವ ಇದ್ದೇ ಇದೆ. ಆ ಕಾಗದಗಳ ರಾಶಿಯಲ್ಲಿ ಒಂದು ವಾಕ್ಯ ಅಡಗಿದೆ. ಕೆಲಸದ ನಡುವೆ ಖರ್ಚು ಹೆಚ್ಚಾಯಿತು, ಒಪ್ಪಿದ ಬೆಲೆಯನ್ನು ಏರಿಸಿಕೊಡಿ ಎಂದು ಕೇಳುವ ಕಂಟ್ರಾಕ್ಟರು ಆ ವಾಕ್ಯದ ಕೆಳಗೆ ಸಹಿ ಹಾಕಬೇಕು. ಈ ಕೋರಿಕೆ ಸದ್ಭಾವನೆಯಿಂದ ಮಾಡಿದ್ದು, ಇದಕ್ಕೆ ಆಧಾರವಾಗಿ ಕೊಟ್ಟ ಅಂಕಿ-ಅಂಶಗಳು ನನಗೆ ತಿಳಿದ ಮಟ್ಟಿಗೆ ನಿಖರ ಮತ್ತು ಪೂರ್ಣ ಎಂಬುದು ಅದರ ಸಾರಾಂಶ. ನೋಡಲು ಸಾಧಾರಣ ಮಾತು. ಆದರೆ ಅದು ಕಾಗದದ ಮೇಲೆ ಬಂದು ಕೂರಲು ನೂರು ವರ್ಷಕ್ಕೂ ಹೆಚ್ಚು ಕಾಲದ ಜಗಳ ಬೇಕಾಯಿತು. ಆ ಕಥೆಯನ್ನು ಸ್ಥೂಲವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಿಷಯ ಏನೆಂದು ನೋಡೋಣ. ಸೈನ್ಯಕ್ಕಾಗಿ ಒಬ್ಬರು ಉಗ್ರಾಣ ಕಟ್ಟಲು ಒಪ್ಪಿಕೊಂಡರೆನ್ನಿ. ಅರ್ಧ ಗೋಡೆ ಎದ್ದ ಮೇಲೆ ಸರಕಾರದ ಅಧಿಕಾರಿ ಬಂದು, ಬಾಗಿಲು ಈ ಕಡೆ ಬೇಡ, ಆ ಕಡೆ ಇರಲಿ ಎನ್ನುತ್ತಾನೆ. ಖಾಸಗಿ ವ್ಯವಹಾರವಾದರೆ ಆಗುವುದಿಲ್ಲ ಎನ್ನಬಹುದು. ಸರಕಾರದ ಕಂಟ್ರಾಕ್ಟಿನಲ್ಲಿ ಹಾಗನ್ನುವಂತಿಲ್ಲ. ಬದಲಾವಣೆ ಮಾಡುವ ಹಕ್ಕನ್ನು ಸರಕಾರ ಮೊದಲೇ ಬರೆಸಿಕೊಂಡಿರುತ್ತದೆ. ಅದಕ್ಕೆ ಪ್ರತಿಯಾಗಿ, ಬದಲಾವಣೆಯಿಂದ ಹೆಚ್ಚಿದ ಖರ್ಚಿಗೂ ಸಮಯಕ್ಕೂ ತಕ್ಕಂತೆ ಬೆಲೆಯನ್ನು ಸರಿಪಡಿಸಿಕೊಡುವುದಾಗಿ ಮಾತು ಕೊಟ್ಟಿರುತ್ತದೆ. ಇದಕ್ಕೆ ಈಕ್ವಿಟಬಲ್ ಅಡ್ಜಸ್ಟ್‌ಮೆಂಟ್, ಅಂದರೆ ನ್ಯಾಯಸಮ್ಮತ ಹೊಂದಾಣಿಕೆ, ಎಂದು ಹೆಸರು. ಕೊಡುವುದು ನ್ಯಾಯ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಎಷ್ಟು ಕೊಡಬೇಕು, ಹೇಳಿದ ಲೆಕ್ಕವನ್ನು ಹೇಗೆ ನಂಬಬೇಕು ಎಂಬಲ್ಲೇ ತಂಟೆ.

ಈ ಅಪನಂಬಿಕೆ ಹಳೆಯದು. 1855ರವರೆಗೆ ಸರಕಾರದಿಂದ ಹಣ ಬರಬೇಕಾದವರು ಕಾಂಗ್ರೆಸ್ಸಿಗೇ ಅರ್ಜಿ ಹಾಕಿ, ತಮ್ಮ ಹೆಸರಿನಲ್ಲೊಂದು ಮಸೂದೆ ಪಾಸಾಗಲೆಂದು ಕಾಯಬೇಕಿತ್ತು. ಆ ವರ್ಷ ಕೋರ್ಟ್ ಆಫ್ ಕ್ಲೇಮ್ಸ್ ಎಂಬ ನ್ಯಾಯಾಲಯ ಹುಟ್ಟಿತು. ಆರು ವರ್ಷದಲ್ಲೇ ಅಂತರ್ಯುದ್ಧ ಬಂತು. ಚಿಂದಿ ಉಣ್ಣೆಯನ್ನು ಒತ್ತಿ ಮಾಡಿದ ‘ಶಾಡಿ’ ಎಂಬ ಬಟ್ಟೆಯಿಂದ ಹೊಲಿದ ಸಮವಸ್ತ್ರಗಳು ಸೈನಿಕರ ಮೈಮೇಲೆ ಮಳೆಗೆ ಬಿಚ್ಚಿಹೋದವು. ಇಂಗ್ಲಿಷಿನಲ್ಲಿ ಆ ಪದ ಕಳಪೆ ಎಂಬ ಅರ್ಥದಲ್ಲಿ ರೂಢಿಯಾದದ್ದು ಆ ಕಾಲದಲ್ಲಿ. 1863ರ ಮಾರ್ಚ್ 2ರಂದು ಅಧ್ಯಕ್ಷ ಲಿಂಕನ್ ಫಾಲ್ಸ್ ಕ್ಲೇಮ್ಸ್ ಆಕ್ಟ್‌ಗೆ ಸಹಿ ಹಾಕಿದರು. ಸುಳ್ಳು ಲೆಕ್ಕ ಕೊಟ್ಟವನು ನಷ್ಟದ ಎರಡರಷ್ಟನ್ನೂ, ಅದರ ಮೇಲೆ 2,000 ಡಾಲರ್ ದಂಡವನ್ನೂ ತೆರಬೇಕು. ಮೋಸವನ್ನು ಹೊರಗೆಡಹಿ ದಾವೆ ಹೂಡಿದವನಿಗೆ ಅದರಲ್ಲಿ ಅರ್ಧ ಪಾಲು. ಮಾರನೆಯ ದಿನವೇ ಇನ್ನೊಂದು ಶಾಸನ ಕೋರ್ಟ್ ಆಫ್ ಕ್ಲೇಮ್ಸ್‌ನ ಅಧಿಕಾರವನ್ನು ಬಲಪಡಿಸಿತು. ಒಂದು ಕೈಯಲ್ಲಿ ಪರಿಹಾರ, ಇನ್ನೊಂದು ಕೈಯಲ್ಲಿ ಬೆತ್ತ. ಅಂದಿನಿಂದ ಇಂದಿನವರೆಗೆ ಈ ಜೋಡಿ ಬಿಟ್ಟಿಲ್ಲ.

ಮೊದಲನೆಯ ಮಹಾಯುದ್ಧ ಇದರ ಮತ್ತೊಂದು ಮಗ್ಗುಲನ್ನು ತೋರಿಸಿತು. ಅವಸರದಲ್ಲಿ ಅಧಿಕಾರಿಗಳು ಬಾಯಿಮಾತಿನಲ್ಲೂ ತಂತಿಯಲ್ಲೂ ಆರ್ಡರು ಕೊಟ್ಟಿದ್ದರು. 1918ರ ನವೆಂಬರಿನಲ್ಲಿ ಯುದ್ಧ ನಿಂತಾಗ, ವಿಧಿಪೂರ್ವಕ ಕಂಟ್ರಾಕ್ಟಿಲ್ಲದೆ ಮಾಲು ತಯಾರಿಸಿದವರ ಗತಿಯೇನು? ಕಾನೂನಿನ ಪ್ರಕಾರ ಅವರ ಒಪ್ಪಂದ ನೀರ ಮೇಲಿನ ಬರಹ. ಕಾಂಗ್ರೆಸ್ಸು 1919ರ ಮಾರ್ಚ್ 2ರಂದು ಡೆಂಟ್ ಆಕ್ಟ್ ಎಂಬ ಶಾಸನ ಮಾಡಿ, ಸದ್ಭಾವನೆಯಿಂದ ಮಾಡಿದ ಅಂಥ ಒಪ್ಪಂದಗಳಿಗೂ ಹಣ ಸಲ್ಲಬೇಕು ಎಂದಿತು. ಆದರೆ ಕೋರಿಕೆ 1919ರ ಜೂನ್ 30ರೊಳಗೆ ಬರಬೇಕು ಎಂದು ಗಡುವು ಹಾಕಿತು. ಇಲ್ಲಿ ಕಾಗದವಿಲ್ಲದೆ ನೊಂದವರು ಪ್ರಾಮಾಣಿಕರೇ ಎಂಬುದನ್ನು ಗಮನಿಸಬೇಕು. ಕಾಗದ ಕೇವಲ ಕಳ್ಳನ ಕಾಲಿಗೆ ಹಾಕಿದ ಬೇಡಿಯಲ್ಲ, ಸಾಚಾ ಮನುಷ್ಯನ ಕೈಯಲ್ಲಿನ ಸಾಕ್ಷಿಯೂ ಹೌದು.

ಸಾಕ್ಷಿಯಿದ್ದರೂ ಎಲ್ಲ ನಷ್ಟವೂ ಸಿಗುತ್ತಿರಲಿಲ್ಲ. 1942ರಲ್ಲಿ ರೈಸ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬದಲಾದ ಕೆಲಸಕ್ಕಷ್ಟೇ ಬೆಲೆ ಹೊಂದಾಣಿಕೆ, ಬದಲಾವಣೆಯಿಂದಾದ ವಿಳಂಬಕ್ಕೆ ತೆತ್ತ ಖರ್ಚಿಗಲ್ಲ ಎಂದಿತು. 1960ರ ದಶಕದ ಕೊನೆಯಲ್ಲಿ ಕಂಟ್ರಾಕ್ಟಿನ ಷರತ್ತನ್ನೇ ತಿದ್ದಿ, ಬದಲಾಗದ ಕೆಲಸದ ಮೇಲಾದ ಪರಿಣಾಮವನ್ನೂ ಲೆಕ್ಕಕ್ಕೆ ಸೇರಿಸಲಾಯಿತು. ಇದು ನ್ಯಾಯವಾದ ತಿದ್ದುಪಡಿ. ಆದರೆ ಇದರೊಂದಿಗೆ ಲೆಕ್ಕದ ಸ್ವರೂಪವೇ ಬದಲಾಯಿತು. ಬಾಗಿಲು ಸರಿಸಿದ ಖರ್ಚನ್ನು ರಸೀತಿ ತೋರಿಸಿ ಹೇಳಬಹುದು. ಬಾಗಿಲು ಸರಿಸಿದ್ದರಿಂದ ಛಾವಣಿಯವರು ಮೂರು ವಾರ ಸುಮ್ಮನೆ ಕೂತರು, ಅಷ್ಟರಲ್ಲಿ ಮಳೆ ಬಂತು, ಕೂಲಿ ಏರಿತು ಎಂಬುದಕ್ಕೆ ಅಂದಾಜೇ ಗತಿ. ಅಂದಾಜು ಹಿಗ್ಗಿಸಿದಷ್ಟೂ ಹಿಗ್ಗುವ ವಸ್ತು.

ಅದು ಎಷ್ಟು ಹಿಗ್ಗಬಲ್ಲದು ಎಂಬುದು 1970ರ ದಶಕದಲ್ಲಿ ನೌಕಾಪಡೆಗೆ ತಿಳಿಯಿತು. ವರ್ಜೀನಿಯದ ನ್ಯೂಪೋರ್ಟ್ ನ್ಯೂಸ್, ಕನೆಕ್ಟಿಕಟ್ಟಿನ ಎಲೆಕ್ಟ್ರಿಕ್ ಬೋಟ್, ಮಿಸಿಸಿಪ್ಪಿಯ ಇಂಗಲ್ಸ್ ಈ ಮೂರು ಹಡಗುಕಟ್ಟೆಗಳು ಯುದ್ಧನೌಕೆಗಳನ್ನೂ ಜಲಾಂತರ್ಗಾಮಿಗಳನ್ನೂ ಕಟ್ಟುತ್ತಿದ್ದವು. 1973ರ ತೈಲ ಬಿಕ್ಕಟ್ಟಿನ ನಂತರ ಬೆಲೆಗಳು ಗಗನಕ್ಕೇರಿದವು. ನುರಿತ ಕೆಲಸಗಾರರು ಸಿಗಲಿಲ್ಲ. ನೌಕಾಪಡೆ ನಕ್ಷೆಗಳನ್ನು ತಿದ್ದುತ್ತಲೇ ಇತ್ತು. ಕಂಪನಿಗಳು ಎಲ್ಲ ನಷ್ಟಕ್ಕೂ ನೌಕಾಪಡೆಯ ಬದಲಾವಣೆಗಳೇ ಕಾರಣವೆಂದು ಸಂಪುಟಗಟ್ಟಲೆ ಕ್ಲೇಮುಗಳನ್ನು ಸಲ್ಲಿಸಿದವು. ಎಲೆಕ್ಟ್ರಿಕ್ ಬೋಟ್ ಒಂದೇ 1976ರ ಡಿಸೆಂಬರಿನಲ್ಲಿ ಕೇಳಿದ್ದು 54.4 ಕೋಟಿ ಡಾಲರ್. ಮೂರೂ ಕಟ್ಟೆಗಳದು ಸೇರಿ 200 ಕೋಟಿಯನ್ನು ದಾಟಿತ್ತು.

ಪರಮಾಣು ನೌಕಾಪಡೆಯ ಪಿತಾಮಹನೆನಿಸಿದ ಅಡ್ಮಿರಲ್ ಹೈಮನ್ ರಿಕೋವರ್ ಇದನ್ನು ಒಪ್ಪಲಿಲ್ಲ. ಕಂಪನಿಗಳು ತಮ್ಮ ಅದಕ್ಷತೆಯ ಬಿಲ್ಲನ್ನು ಸರಕಾರದ ತಲೆಗೆ ಕಟ್ಟುತ್ತಿವೆ, ಮೊದಲು ದೊಡ್ಡ ಮೊತ್ತ ಕೇಳಿ ಆಮೇಲೆ ಚೌಕಾಸಿಯಲ್ಲಿ ಅರ್ಧಕ್ಕೆ ಬರುವ ಸಂತೆ ವ್ಯಾಪಾರ ಇದು ಎಂಬುದು ಅವರ ಆಕ್ಷೇಪದ ತಾತ್ಪರ್ಯ. ಇತ್ತ ಎಲೆಕ್ಟ್ರಿಕ್ ಬೋಟಿನ ಒಡೆಯರಾದ ಜನರಲ್ ಡೈನಮಿಕ್ಸ್ 1978ರ ಮಾರ್ಚಿನಲ್ಲಿ ಜಲಾಂತರ್ಗಾಮಿಗಳ ಕೆಲಸ ನಿಲ್ಲಿಸುತ್ತೇವೆಂದು ಎಚ್ಚರಿಸಿತು. ಕಡೆಗೆ ಜೂನಿನಲ್ಲಿ ರಾಜಿಯಾಯಿತು. ಒಪ್ಪಿದ ಬೆಲೆಗಿಂತ ಮೀರಿದ ಖರ್ಚು 84.3 ಕೋಟಿ ಡಾಲರ್ ಎಂದು ಲೆಕ್ಕ ಹಾಕಿ, ಅದರಲ್ಲಿ 35.9 ಕೋಟಿ ನಷ್ಟವನ್ನು ಕಂಪನಿಯೂ ಉಳಿದದ್ದನ್ನು ನೌಕಾಪಡೆಯೂ ಹೊತ್ತುಕೊಂಡವು. ಇದಕ್ಕೆ ಬಳಸಿದ್ದು ದೇಶರಕ್ಷಣೆಗೆ ಅಗತ್ಯವೆನಿಸಿದರೆ ಕಂಟ್ರಾಕ್ಟನ್ನೇ ತಿದ್ದಲು ಅವಕಾಶ ಕೊಡುವ 1958ರ ಒಂದು ವಿಶೇಷ ಶಾಸನ. ಅಂದರೆ ಕ್ಲೇಮು ನಿಜವೋ ಸುಳ್ಳೋ ಎಂಬ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ. ಪ್ರಶ್ನೆಯನ್ನು ದಾಟಿಹೋದರು, ಅಷ್ಟೆ.

ಆ ಉತ್ತರವಿಲ್ಲದ ಪ್ರಶ್ನೆಯಿಂದಲೇ ನಮ್ಮ ವಾಕ್ಯ ಹುಟ್ಟಿತು. ಕ್ಲೇಮು ಸಲ್ಲಿಸುವಾಗಲೇ ಕಂಪನಿಯ ಹಿರಿಯ ಅಧಿಕಾರಿಯೊಬ್ಬ ತನ್ನ ಹೆಸರಿನಲ್ಲಿ ಸಹಿ ಮಾಡಿ ಅದರ ಸತ್ಯಕ್ಕೆ ಹೊಣೆಯಾಗಲಿ ಎಂಬುದು ರಿಕೋವರ್ ಅವರ ಸಲಹೆ. ಕಂಪನಿ ಎಂಬುದಕ್ಕೆ ಮುಖವಿಲ್ಲ, ನಾಚಿಕೆಯೂ ಇಲ್ಲ. ಸಹಿ ಹಾಕಿದ ಮನುಷ್ಯನಿಗೆ ಎರಡೂ ಉಂಟು. 1978ರ ಅಕ್ಟೋಬರ್ 20ರಂದು ರಕ್ಷಣಾ ವೆಚ್ಚದ ಶಾಸನದೊಳಗೆ ಈ ಪ್ರಮಾಣದ ಷರತ್ತು ಸೇರಿತು. ಮಿತಿ ಒಂದು ಲಕ್ಷ ಡಾಲರ್. ನವೆಂಬರ್ 1ರಂದು ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಕಾಂಟ್ರಾಕ್ಟ್ ಡಿಸ್ಪ್ಯೂಟ್ಸ್ ಆಕ್ಟ್ ಬಂತು. ಅಲ್ಲಿ ಮಿತಿ 50,000 ಡಾಲರ್. ಕೇಳಿದ ಮೊತ್ತವು ಸರಕಾರ ನಿಜವಾಗಿ ತನಗೆ ಕೊಡಬೇಕಾದದ್ದು ಎಂದು ಕಂಟ್ರಾಕ್ಟರು ನಂಬಿದ್ದಾನೆ ಎಂಬ ಮಾತನ್ನೂ ಇಲ್ಲಿ ಪ್ರಮಾಣೀಕರಿಸಬೇಕಾಯಿತು. ಸಂತೆ ವ್ಯಾಪಾರಕ್ಕೆ ಹಾಕಿದ ಬೀಗ ಅದು.

ಬೀಗ ಹಾಕಿದ ಅಡ್ಮಿರಲ್ಲರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಅದೇ ಜನರಲ್ ಡೈನಮಿಕ್ಸಿನಿಂದ ರಿಕೋವರ್ ವರ್ಷಾನುಗಟ್ಟಲೆ 67 ಸಾವಿರ ಡಾಲರಿಗೂ ಮೀರಿದ ಉಡುಗೊರೆಗಳನ್ನು ಪಡೆದಿದ್ದರೆಂದು ಬಯಲಾಗಿ, 1985ರ ಮೇ ತಿಂಗಳಲ್ಲಿ ನೌಕಾ ಕಾರ್ಯದರ್ಶಿ ಲೇಮನ್ ಅವರಿಗೆ ಛೀಮಾರಿ ಹಾಕಿದರು. ಲೆಕ್ಕ ಕೇಳುವವರಿಗೂ ಲೆಕ್ಕ ಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಸಹಿಯ ಷರತ್ತು ಬಂದ ಮೇಲೆ ಸಹಿಯೇ ಜಗಳದ ವಸ್ತುವಾಯಿತು. ಯಾರು ಸಹಿ ಹಾಕಬೇಕು? ನಿಯಮದಲ್ಲಿ ಹೇಳಿದ ಹುದ್ದೆಯವನೇ ಹಾಕಬೇಕು. 1989ರಲ್ಲಿ ಒಂದು ನಿರ್ಮಾಣ ಸಂಸ್ಥೆಯ ಮುಖ್ಯ ವೆಚ್ಚ ಇಂಜಿನಿಯರನ ಸಹಿ ಸಾಲದೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 1991ರಲ್ಲಿ ವಿಮಾನ ತಯಾರಿಸುವ ಗ್ರಮ್ಮನ್ ಕಂಪನಿಯ ಹಿರಿಯ ಉಪಾಧ್ಯಕ್ಷ ಹಾಗೂ ಖಜಾಂಚಿಯ ಸಹಿಯೂ ಸಲ್ಲದೆನಿಸಿತು! ಸಹಿ ತಪ್ಪಿದರೆ ಕ್ಲೇಮೇ ಇಲ್ಲ. ವರ್ಷಗಟ್ಟಲೆ ನಡೆದ ಮೊಕದ್ದಮೆ ಮತ್ತೆ ಮೊದಲಿನಿಂದ. ಕೇಳಿದ್ದು ನ್ಯಾಯವೋ ಅನ್ಯಾಯವೋ ಎಂಬುದು ಹಿಂದೆ ಸರಿದು, ಲೇಖನಿ ಹಿಡಿದ ಕೈ ಯಾರದು ಎಂಬುದೇ ಮುಂದೆ ಬಂತು. ಈ ವಿಪರೀತ ಅತಿಯಾದಾಗ, 1992ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸು ಶಾಸನ ತಿದ್ದಿ, ಕಂಪನಿಯಿಂದ ಅಧಿಕಾರ ಪಡೆದ ಯಾರೂ ಸಹಿ ಮಾಡಬಹುದು, ದೋಷವಿದ್ದರೆ ತೀರ್ಪಿನೊಳಗೆ ಸರಿಪಡಿಸಬಹುದು ಎಂದಿತು.

ಇಲ್ಲೊಂದು ಸೂಕ್ಷ್ಮವಿದೆ. ಬೆಲೆ ಹೊಂದಾಣಿಕೆಗೆ ಮಾಡುವ ಕೋರಿಕೆ ಬೇರೆ, ಕ್ಲೇಮು ಬೇರೆ. ಕೋರಿಕೆಯೆಂದರೆ ಕೂತು ಮಾತಾಡೋಣ ಬನ್ನಿ ಎಂದಂತೆ. ಅದಕ್ಕೆ ಗಡುವಿಲ್ಲ, ಬಡ್ಡಿಯಿಲ್ಲ. ಕ್ಲೇಮೆಂದರೆ ತೀರ್ಮಾನ ಕೊಡಿ ಎಂದಂತೆ. ಕಂಟ್ರಾಕ್ಟಿಂಗ್ ಆಫೀಸರು ಅದನ್ನು ಪಡೆದ ದಿನದಿಂದ ಬಡ್ಡಿ ಬೆಳೆಯುತ್ತದೆ. ಪ್ರಮಾಣೀಕರಿಸಿದ ಕ್ಲೇಮಿಗೆ ಆತ 60 ದಿನದಲ್ಲಿ ತೀರ್ಪು ಕೊಡಬೇಕು ಅಥವಾ ಎಂದು ಕೊಡುತ್ತೇನೆಂದು ತಿಳಿಸಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ ಮಂಡಲಿಗೆ, ಇಲ್ಲವೇ 12 ತಿಂಗಳೊಳಗೆ ಕೋರ್ಟಿಗೆ ಹೋಗಬಹುದು. ಆದರೂ ಇವೆರಡರ ನಡುವಿನ ಗೆರೆ ತೆಳು. 1995ರ ರಿಫ್ಲೆಕ್ಟೋನ್ ಮೊಕದ್ದಮೆಯಲ್ಲೂ, ಅಫಘಾನಿಸ್ತಾನದ ಬಗ್ರಾಮ್ ನೆಲೆಯಲ್ಲಿ ಕೆಲಸ ಮಾಡಿದ ಕಂಪನಿಯೊಂದರ 2022ರ ಮೊಕದ್ದಮೆಯಲ್ಲೂ ನ್ಯಾಯಾಲಯ ಹೇಳಿದ್ದು ಒಂದೇ: ಹಣೆಪಟ್ಟಿ ಕೋರಿಕೆಯೆಂದಿದ್ದರೂ ಒಳಗಿನ ಅಂಶಗಳೆಲ್ಲ ಇದ್ದರೆ ಅದು ಕ್ಲೇಮೇ ಆಗಬಲ್ಲದು.

ಸಹಿಯನ್ನು ಹಗುರವಾಗಿ ಕಂಡರೆ ಏನಾದೀತು ಎಂಬುದಕ್ಕೆ ಪೆಸಿಫಿಕ್ ಸಾಗರದ ಪಲಾವು ದ್ವೀಪದ ರಸ್ತೆ ಸಾಕ್ಷಿ. ದಕ್ಷಿಣ ಕೊರಿಯದ ದೇವೂ ಕಂಪನಿ ಸೈನ್ಯದ ಇಂಜಿನಿಯರಿಂಗ್ ದಳದೊಂದಿಗೆ ಕಂಟ್ರಾಕ್ಟು ಮಾಡಿಕೊಂಡು ಅಲ್ಲಿ 53 ಮೈಲಿ ರಸ್ತೆಗೆ ಕೈಹಾಕಿತು. ಮಣ್ಣೂ ಮಳೆಯೂ ಕೈಕೊಟ್ಟವು. ಕಂಪನಿ ಪ್ರಮಾಣೀಕರಿಸಿ ಕೇಳಿದ್ದು ಸುಮಾರು 6.4 ಕೋಟಿ ಡಾಲರ್. ಅದರಲ್ಲಿ ಆಗಲೇ ಆಗಿದ್ದ ಖರ್ಚು 1.34 ಕೋಟಿ, ಉಳಿದ 5.06 ಕೋಟಿ ಮುಂದಾಗಬಹುದಾದ ಅಂದಾಜು. ಆ ಅಂದಾಜು ಸರಕಾರದ ಗಮನ ಸೆಳೆಯಲು ಹೂಡಿದ ಚೌಕಾಸಿಯ ತಂತ್ರ ಎಂದು 2006ರಲ್ಲಿ ಕೋರ್ಟು ಕಂಡುಕೊಂಡಿತು. ಪರಿಣಾಮ? ಕೇಳಿದ ಹಣ ಬರಲಿಲ್ಲ. ಬದಲಿಗೆ ಅಷ್ಟೇ 5.06 ಕೋಟಿ ಡಾಲರನ್ನು ಕಂಪನಿಯೇ ಸರಕಾರಕ್ಕೆ ಕಟ್ಟಬೇಕಾಯಿತು. 2009ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಈ ವಾಕ್ಯ ಸಾರ್ಥಕವೇ? ದೊಡ್ಡವರ ಆಟಕ್ಕೆ ಅಡ್ಡಗಟ್ಟೆ ಎಂಬ ಮಟ್ಟಿಗೆ ಹೌದೆನ್ನಬೇಕು. ಆದರೆ ಹಡಗುಕಟ್ಟೆಗಳಿಗಾಗಿ ಬರೆದ ವಾಕ್ಯದ ಕೆಳಗೆ ಹತ್ತು ಜನರ ಸಣ್ಣ ಕಂಪನಿಯವರೂ ಸಹಿ ಹಾಕುತ್ತಿದ್ದಾರೆ. ದೊಡ್ಡವರಿಗೆ ವಕೀಲರ ದಂಡೇ ಇದೆ. ಸಣ್ಣವನು ರಾತ್ರಿ ಊಟದ ಮೇಜಿನ ಮೇಲೆ ರಸೀತಿ ಹರಡಿಕೊಂಡು ಕೂರುತ್ತಾನೆ; ಎಷ್ಟೋ ಸಲ ಸಹಿಗೆ ಹೆದರಿ ನ್ಯಾಯವಾಗಿ ಬರಬೇಕಾದದ್ದನ್ನೂ ಬಿಟ್ಟುಬಿಡಬಹುದು. ಶಾಸನಕರ್ತರಿಗೂ ಇದು ಅರೆಬರೆಯಾಗಿ ಹೊಳೆದಿದೆ. ರಕ್ಷಣಾ ಕೋರಿಕೆಗಳ ಮಿತಿ ಬೆಲೆಯೇರಿಕೆಯೊಂದಿಗೆ ಏರುತ್ತ 2020ರಲ್ಲಿ ಎರಡೂವರೆ ಲಕ್ಷಕ್ಕೂ 2025ರ ಅಕ್ಟೋಬರಿನಲ್ಲಿ ಮೂರೂವರೆ ಲಕ್ಷಕ್ಕೂ ಬಂತು. ಕ್ಲೇಮುಗಳ ಮಿತಿ ಮಾತ್ರ 1994ರಲ್ಲಿ ಒಂದು ಲಕ್ಷಕ್ಕೆ ಏರಿದ್ದು ಮೂವತ್ತು ವರ್ಷ ಕಳೆದು 2024ರಲ್ಲೂ ಅಲ್ಲೇ ನಿಂತಿತ್ತು. ಡಾಲರಿನ ಬೆಲೆ ಇಳಿದಂತೆಲ್ಲ ಸಣ್ಣ ಸಣ್ಣ ಕ್ಲೇಮುಗಳೂ ಆ ಬಲೆಗೆ ಬೀಳುತ್ತ ಬಂದವು.

ಇಂಥವನಿಗೆ ಇತಿಹಾಸ ಕಲಿಸುವ ಪಾಠ ಸರಳ. ಬದಲಾವಣೆ ಬಾಯಿಮಾತಿನಲ್ಲಿ ಬಂದ ದಿನವೇ ಅದನ್ನು ಬರೆದು ಆಫೀಸರಿಗೆ ಕಳಿಸಬೇಕು; ಕಟ್ಟಡದ ಕೆಲಸಗಳ ಸಾಮಾನ್ಯ ಷರತ್ತಿನ ಪ್ರಕಾರ, ಇಂಥ ಸೂಚನೆ ಕೊಡುವುದಕ್ಕೆ 20 ದಿನಕ್ಕಿಂತ ಹಿಂದೆ ಆದ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಬದಲಾವಣೆಯ ಖರ್ಚಿಗೆ ಬೇರೆಯೇ ಖಾತೆ ತೆರೆಯಬೇಕು. ಅಂದಾಜು ಎಲ್ಲಿ, ನಿಜ ಖರ್ಚು ಎಲ್ಲಿ ಎಂದು ಗೆರೆ ಎಳೆದು ತೋರಿಸಬೇಕು. ಹಾಗೆ ಮಾಡಿದವನಿಗೆ ಕೊನೆಯ ಪುಟದ ಆ ವಾಕ್ಯ ಬೆದರುಗೊಂಬೆಯಲ್ಲ. ಡೆಂಟ್ ಆಕ್ಟಿನ ಕಾಲದ ಪ್ರಾಮಾಣಿಕರ ಕೈಯಲ್ಲಿ ಇಲ್ಲದೆ ಹೋದ ಕಾಗದ ಈತನ ಕೈಯಲ್ಲಿರುತ್ತದೆ. ಧೈರ್ಯವಾಗಿ ಸಹಿ ಹಾಕಿ, ತನಗೆ ಸಲ್ಲಬೇಕಾದದ್ದನ್ನು ಕೇಳಬಹುದು.