ಕೋಕನಟ್ ಮತ್ತು ಕೊಪ್ರಾ: ಎರಡು ಪದಗಳ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬರಲು ಈ ಭಾಗದ ತೋಟಗಳೇ ಕಾರಣ. ಧರ್ಮಸಭೆಯ ಆಡಳಿತದಲ್ಲಿ ಇದು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ಪ್ರದೇಶ. ಇಂದು ಗುರುಮಠಗಳಲ್ಲಿ ಓದುತ್ತಿರುವ ಕೆಲವರಾದರೂ ನಾಳೆ ಇಲ್ಲಿನ ಜನರ ನಡುವೆ ಸೇವೆ ಸಲ್ಲಿಸಲಿದ್ದಾರೆ. ಈ ಜನರ ಬದುಕಿಗೆ ಆಧಾರವಾದ ಫಲಕ್ಕೆ ಸಂಬಂಧಿಸಿ ಇಂಗ್ಲಿಷಿನಲ್ಲಿ ಎರಡು ಪದಗಳು ಬಳಕೆಯಲ್ಲಿವೆ: ‘ಕೋಕನಟ್’ ಮತ್ತು ‘ಕೊಪ್ರಾ’. ಎರಡೂ ಪೋರ್ಚುಗೀಸರ ಮೂಲಕ ಇಂಗ್ಲಿಷನ್ನು ಸೇರಿದವು. ಆದರೆ ಅವು ಹುಟ್ಟಿದ ರೀತಿ ಬೇರೆ ಬೇರೆ. ಮೊದಲನೆಯದು ಹೊರಗಿನಿಂದ ನೋಡಿದವರು ಇಟ್ಟ ಹೆಸರು; ಎರಡನೆಯದು ಬಲ್ಲವರನ್ನು ಕೇಳಿ ಪಡೆದ ಹೆಸರು.

ಈ ವ್ಯತ್ಯಾಸ ಭಾಷಾಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. ‘ಕೊಪ್ರಾ’ ಎಂಬ ಪದವನ್ನು ತನ್ನ ಗ್ರಂಥದಲ್ಲಿ ಅಚ್ಚು ಮಾಡಿಸಿ ಯೂರೋಪಿನ ವಿದ್ವಾಂಸರ ಮುಂದಿಟ್ಟ ವೈದ್ಯನೊಬ್ಬನ ಎಲುಬುಗಳನ್ನು, ಅವನು ಸತ್ತು ಹನ್ನೆರಡು ವರ್ಷಗಳ ಮೇಲೆ, ಧರ್ಮಸಭೆಯ ನ್ಯಾಯಮಂಡಳಿ ಗೋರಿಯಿಂದ ತೆಗೆಸಿ ಸುಡಿಸಿತು. ಆದ್ದರಿಂದ ಈ ಪದಗಳ ಚರಿತ್ರೆ ನಮ್ಮದೇ ಚರಿತ್ರೆಯೂ ಹೌದು.

ಪೋರ್ಚುಗೀಸರಿಗೆ ಮೊದಲು

ತೆಂಗನ್ನು ಕುರಿತು ಬರೆದ ಮೊದಲ ಕ್ರೈಸ್ತ ಲೇಖಕರಲ್ಲಿ ಆರನೆಯ ಶತಮಾನದ ಕಾಸ್ಮಸ್ ಒಬ್ಬ. ಅಲೆಕ್ಸಾಂಡ್ರಿಯದ ಈ ವರ್ತಕ ತನ್ನ ‘ಕ್ರೈಸ್ತ ಭೂವಿವರಣೆ’ಯಲ್ಲಿ ಮಲಬಾರಿನ ಹಾಗೂ ಸಿಂಹಳದ ಕ್ರೈಸ್ತರ ವಿಷಯವನ್ನು ತಿಳಿಸಿದ್ದಾನೆ. ಅದೇ ಗ್ರಂಥದಲ್ಲಿ ಅವನು ತೆಂಗಿನಕಾಯಿಯನ್ನು ‘ಅರ್ಗೆಲ್ಲಿಯ’ ಎಂದು ಕರೆಯುತ್ತಾನೆ. ಸಂಸ್ಕೃತದ ನಾರಿಕೇಲ, ಪಾರ್ಸಿಯ ನಾರ್ಗಿಲ್ ಎಂಬ ಪದಗಳ ಗ್ರೀಕ್ ಉಚ್ಚಾರವೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. 1329ರಲ್ಲಿ ಕೊಲ್ಲಂನ ಧರ್ಮಾಧ್ಯಕ್ಷನಾಗಿ ನೇಮಕಗೊಂಡ ಡೊಮಿನಿಕನ್ ಸಂನ್ಯಾಸಿ ಜೋರ್ಡಾನಸ್ ಕೂಡ ಭಾರತದ ವಿಸ್ಮಯಗಳನ್ನು ವರ್ಣಿಸುವಾಗ ಈ ಫಲವನ್ನು ‘ನಾರ್ಗಿಲ್’ ಎಂದೇ ಬರೆದ. ಇವರಿಬ್ಬರೂ ತಮ್ಮ ಕಿವಿಗೆ ಬಿದ್ದ ಹೆಸರನ್ನು ತಮ್ಮ ಭಾಷೆಯ ಲಿಪಿಯಲ್ಲಿ ಬರೆದಿಟ್ಟರು. ಇವರ ಹಿಂದೆ ಸೇನೆಯಿರಲಿಲ್ಲ. ದಾರಿ, ಅನ್ನ, ನೀರು ಎಲ್ಲಕ್ಕೂ ಸ್ಥಳೀಯರನ್ನೇ ಕೇಳಬೇಕಿತ್ತು. ಹೆಸರನ್ನೂ ಕೇಳಿಯೇ ತಿಳಿದರು.

‘ಕೋಕೋ’ ಎಂಬ ಮುಖ

ಹದಿನೈದನೆಯ ಶತಮಾನದ ಕೊನೆಯಲ್ಲಿ ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಈ ಫಲಕ್ಕೆ ‘ಕೋಕೋ’ ಎಂಬ ಹೆಸರು ಹುಟ್ಟಿತು. ಇದರ ಕಾರಣವನ್ನು ಪೋರ್ಚುಗೀಸ್ ಲೇಖಕರೇ ಹೇಳಿದ್ದಾರೆ. ಚಿಪ್ಪಿನ ಒಂದು ತುದಿಯಲ್ಲಿರುವ ಮೂರು ಕಣ್ಣುಗಳು ಕೋತಿಯಂಥ ಪ್ರಾಣಿಯ ಮುಖದಂತೆ ಕಾಣುತ್ತವೆ ಎಂಬುದು ಒಂದು ವಿವರಣೆ. ಮಕ್ಕಳನ್ನು ಹೆದರಿಸಲು ಹೆಂಗಸರು ಹೇಳುವ ಗುಮ್ಮನ ಹೆಸರೇ ಇದು ಎಂಬುದು ಚರಿತ್ರಕಾರ ಜುವಾಂವ್ ದ ಬಾರೋಸ್ ಕೊಟ್ಟ ವಿವರಣೆ. ಯಾವುದನ್ನು ಒಪ್ಪಿದರೂ ಒಂದು ಮಾತು ಸ್ಪಷ್ಟ: ಈ ಹೆಸರು ಫಲದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಮೊದಲೇ ಇದ್ದ ಗುಮ್ಮನನ್ನು ಅದು ಫಲದ ಮೇಲೆ ಹೇರುತ್ತದೆ.

ಇಂಗ್ಲಿಷರು ಈ ಪದವನ್ನು ಹದಿನಾರನೆಯ ಶತಮಾನದಲ್ಲಿ ಸ್ವೀಕರಿಸಿ ಮುಂದೆ ಅದಕ್ಕೆ ‘ನಟ್’ ಎಂಬ ಬಾಲವನ್ನು ಸೇರಿಸಿದರು. ಸಸ್ಯಶಾಸ್ತ್ರದ ಪ್ರಕಾರ ತೆಂಗಿನಕಾಯಿ ‘ನಟ್’ ವರ್ಗಕ್ಕೆ ಸೇರಿದ್ದಲ್ಲ. ಮಾವಿನಂತೆ ಓಟೆಯುಳ್ಳ ಫಲ. ಸಾಲದೆಂಬಂತೆ, 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟಿನಲ್ಲಿ ತೆಂಗಿನ ‘ಕೋಕೋ’ವೂ ಅಮೆರಿಕದ ‘ಕಕಾವೋ’ ಬೀಜವೂ ಒಂದೇ ನಮೂದಿನಲ್ಲಿ ಬೆರೆತುಹೋದವು. ಆ ಗೊಂದಲದ ಕಾಗುಣಿತ ಇಪ್ಪತ್ತನೆಯ ಶತಮಾನದವರೆಗೂ ಇಂಗ್ಲಿಷ್ ಪುಸ್ತಕಗಳಲ್ಲಿ ಉಳಿದಿತ್ತು.

ಕೊಬ್ಬರಿಯಿಂದ ಕೊಪ್ರಾ

‘ಕೊಪ್ರಾ’ದ ಮಾರ್ಗ ಬೇರೆ. ಕನ್ನಡ, ತೆಲುಗುಗಳ ಕೊಬ್ಬರಿ, ಮಲಯಾಳದ ಕೊಪ್ಪರ, ಹಿಂದಿಯ ಖೋಪ್ರಾ ಒಂದೇ ಬಳಗದ ಪದಗಳು. ಪೋರ್ಚುಗೀಸರು ಇದನ್ನು ಮಲಬಾರಿನಲ್ಲಿ ಕೇಳಿ ಕಲಿತಿರಬೇಕೆಂದು 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟಿನ ಕರ್ತೃಗಳಾದ ಯೂಲ್ ಮತ್ತು ಬರ್ನೆಲ್ ಅಭಿಪ್ರಾಯಪಟ್ಟರು. ಮಲಯಾಳದ ರೂಪಕ್ಕೆ ಹಿಂದಿಯ ರೂಪವೇ ಮೂಲವೆಂದೂ ಊಹಿಸಿದರು. ಹಿಂದಿಯಲ್ಲಿ ‘ಖೋಪ್ರಿ’ ಎಂದರೆ ತಲೆಬುರುಡೆ. ಹಾಗಾದರೆ ನಮ್ಮವರೂ ಈ ಫಲದಲ್ಲಿ ತಲೆಯ ಹೋಲಿಕೆಯನ್ನು ಕಂಡಿರಬಹುದು. ಆದರೆ ಬಳಕೆಯಲ್ಲಿ ಕೊಬ್ಬರಿ ಎಂಬುದು ಹೋಲಿಕೆಯ ಹೆಸರಾಗಿ ಉಳಿಯಲಿಲ್ಲ, ಕೆಲಸದ ಹೆಸರಾಯಿತು. ಮರದಲ್ಲಿರುವುದು ಕಾಯಿ. ಒಣಗಿಸಿ ಕಾಪಾಡಿದ ಮೇಲಷ್ಟೇ ಅದು ಕೊಬ್ಬರಿ.

ಈ ಪದವನ್ನು ದಾಖಲಿಸಿದವನು ಗಾರ್ಸಿಯಾ ದ ಓರ್ತಾ. 1534ರಲ್ಲಿ ಭಾರತಕ್ಕೆ ಬಂದ ಈ ಪೋರ್ಚುಗೀಸ್ ವೈದ್ಯ, ಇಲ್ಲಿನ ಗಿಡಮೂಲಿಕೆಗಳನ್ನು ಕುರಿತ ಸಂವಾದರೂಪದ ಗ್ರಂಥವನ್ನು 1563ರಲ್ಲಿ ಗೋವೆಯಲ್ಲಿ ಮುದ್ರಿಸಿದ. ಪ್ರಾಚೀನ ಗ್ರೀಕ್ ಪಂಡಿತರ ಮಾತಿಗಿಂತ ಇಲ್ಲಿನ ಹಕೀಮರು, ವೈದ್ಯರು, ವರ್ತಕರು ಹೇಳಿದ್ದನ್ನು ಮತ್ತು ತಾನೇ ಕಣ್ಣಾರೆ ಕಂಡದ್ದನ್ನು ಅವನು ನೆಚ್ಚಿದ. ತೆಂಗಿನ ಅಧ್ಯಾಯದಲ್ಲಿ ಅದರ ಸ್ಥಳೀಯ ಹೆಸರುಗಳನ್ನು ಕೊಟ್ಟು, ಒಣಗಿಸಿದ ತಿರುಳನ್ನು ‘ಕೊಪ್ರಾ’ ಎನ್ನುತ್ತಾರೆಂದೂ ಅದು ಹೊರ್ಮುಜಿಗೂ ಘಟ್ಟದ ಮೇಲಿನ ಸೀಮೆಗೂ ಹೋಗುತ್ತದೆಂದೂ ತಿಳಿಸಿದ. ಅಂದು ಕರಾವಳಿಯಿಂದ ಘಟ್ಟ ಹತ್ತಿ ಬರುತ್ತಿದ್ದ ಸರಕು ಇಂದು ಘಟ್ಟದ ಮೇಲಿನ ತಿಪಟೂರಿನಿಂದಲೇ ಉತ್ತರ ಭಾರತಕ್ಕೆ ಹೊರಡುತ್ತದೆ. 1567ರಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ಓರ್ತಾನ ಗ್ರಂಥವನ್ನು ಲ್ಯಾಟಿನಿನಲ್ಲಿ ಸಂಗ್ರಹಿಸಿದ್ದರಿಂದ ಅದು ಯೂರೋಪಿನಾದ್ಯಂತ ಓದಿಗೆ ಸಿಕ್ಕಿತು.

ಎಲುಬುಗಳಿಗೆ ತೀರ್ಪು

ಓರ್ತಾನ ತಂದೆತಾಯಿಗಳು ಯೆಹೂದ್ಯರು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟು ಪೋರ್ಚುಗಲ್ಲಿಗೆ ಬಂದ ಅವರಿಗೆ 1497ರಲ್ಲಿ ಬಲವಂತದ ದೀಕ್ಷಾಸ್ನಾನವಾಯಿತು. ಇಂಥ ಕುಟುಂಬಗಳಿಗೆ ಇಡಲಾದ ಹೆಸರು ‘ಹೊಸ ಕ್ರೈಸ್ತರು’. ದೀಕ್ಷಾಸ್ನಾನದ ಮೂಲಕ ದೇವರ ಮಕ್ಕಳೆನಿಸಿಕೊಂಡವರಿಗೆ, ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕೂಡ ಆ ‘ಹೊಸ’ ಎಂಬ ಮುದ್ರೆ ಅಳಿಯಲಿಲ್ಲ. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣಾ ನ್ಯಾಯಮಂಡಳಿ ಸ್ಥಾಪನೆಯಾಯಿತು. ಓರ್ತಾನ ಗ್ರಂಥದ ಮುಖಪುಟದಲ್ಲಿ ವೈಸ್‌ರಾಯನ ಜೊತೆಗೆ ಅದೇ ಮಂಡಳಿಯ ವಿಚಾರಣಾಧಿಕಾರಿಯ ಒಪ್ಪಿಗೆಯೂ ಅಚ್ಚಾಗಿದೆ. ಆ ಅಧಿಕಾರಿ ಲೈಸೆನ್ಶಿಯೇಟ್ ಪದವೀಧರ. ನಮ್ಮಲ್ಲಿ ಹಲವರು ಪಡೆದಿರುವ ಪದವಿಯ ಹೆಸರೂ ಅದೇ.

ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ಸಹೋದರಿ ಕತರೀನಾಳನ್ನು ಗೋವೆಯಲ್ಲಿ ಸುಡಲಾಯಿತು. ಓರ್ತಾನೂ ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಪಾಲಿಸುತ್ತಿದ್ದನೆಂದು ನ್ಯಾಯಮಂಡಳಿ ತೀರ್ಮಾನಿಸಿತು. 1580ರಲ್ಲಿ ಅವನ ಎಲುಬುಗಳು ಬೆಂಕಿಗೆ ಬಿದ್ದವು. ಆರೋಪ ನಿಜವೆಂದೇ ಇಟ್ಟುಕೊಂಡರೂ ದೋಷ ಹಗುರವಾಗುವುದಿಲ್ಲ. ಬಲವಂತದಿಂದ ಪಡೆದ ಒಪ್ಪಿಗೆ ವಿಶ್ವಾಸವಲ್ಲ ಎಂಬುದನ್ನು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ದೃಢಪಡಿಸಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು, ಧರ್ಮಸಭೆಯ ಮಕ್ಕಳು ಸತ್ಯದ ಹೆಸರಿನಲ್ಲಿ ನಡೆಸಿದ ಹಿಂಸೆಗಾಗಿಯೂ ಯೆಹೂದ್ಯರಿಗೆ ಮಾಡಿದ ಅನ್ಯಾಯಕ್ಕಾಗಿಯೂ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು.

ಒಂದು ಫಲದ ಹೆಸರನ್ನು ಕೇಳಿ ಬರೆದವನನ್ನು, ಅವನ ಧರ್ಮಸಭೆ ‘ನೀನು ಯಾರು’ ಎಂದು ಕೇಳಲಿಲ್ಲ. ತಾನೇ ಇಟ್ಟ ಹೆಸರಿನಿಂದ ಅವನನ್ನು ಅಳೆಯಿತು. ‘ಕೋಕೋ’ ಎಂದು ಕರೆದ ಕಣ್ಣಿಗೂ ‘ಹೊಸ ಕ್ರೈಸ್ತ’ ಎಂದು ಕರೆದ ಕಣ್ಣಿಗೂ ನಾವು ಭೇದ ಕಾಣೆವು.

ತಿಪಟೂರಿನ ಅರ್ಥ

ಕೇಳಿ ಪಡೆದ ಪದವೂ ಮತ್ತೆ ಮತ್ತೆ ಕೇಳದೆ ಹೋದರೆ ಸವೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಬೂನು, ಕೃತಕ ಬೆಣ್ಣೆಗಳ ಉದ್ಯಮ ಬೆಳೆದು ‘ಕೊಪ್ರಾ’ ಎಂದರೆ ಗಾಣಕ್ಕೆ ಹೋಗುವ ಕಚ್ಚಾವಸ್ತು ಎಂಬ ಅರ್ಥ ಇಂಗ್ಲಿಷಿನಲ್ಲಿ ನೆಲೆನಿಂತಿತು. ತಿಪಟೂರಿನಲ್ಲಿ ಬರಿದೇ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ, ಅಂದರೆ ತಿನ್ನುವ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಕಾಲ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಾಡಿಸಿದರೆ ಸದ್ದಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ, ಹೆಣ್ಣುಮಗಳ ಮಡಿಲಕ್ಕಿಯಲ್ಲಿ ಇರುವುದು ಈ ಕೊಬ್ಬರಿ.

ಇಂಗ್ಲಿಷಿನ ಅರ್ಥ ಕಿರಿದಾದುದರಿಂದ ಸರ್ಕಾರಿ ಆದೇಶಗಳಲ್ಲಿ ತಿಪಟೂರಿನ ಸರಕಿಗೆ ‘ಬಾಲ್ ಕೊಪ್ರಾ’ ಎಂಬ ವಿಶೇಷಣ ಬೇಕಾಯಿತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ ಎಣ್ಣೆಗಿರಣಿಯ ಕೊಬ್ಬರಿಗೆ 11,160 ರೂಪಾಯಿ, ಉಂಡೆ ಕೊಬ್ಬರಿಗೆ 12,000 ರೂಪಾಯಿ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಅಟ್ಟದ ಮೇಲಿನ ಒಂದು ವರ್ಷದ ಕಾಯುವಿಕೆಗೆ ತಕ್ಕ ಬೆಲೆಯಿದೆಯೇ ಎಂಬುದು ಇಲ್ಲಿನ ರೈತನ ಪ್ರಶ್ನೆ. ‘ಕೊಪ್ರಾ’ದ ಅರ್ಥವನ್ನು ಇಂಗ್ಲಿಷ್ ನಿಘಂಟಿನಿಂದ ಮಾತ್ರ ತಿಳಿದ ಗುರುವಿಗೆ ಈ ಪ್ರಶ್ನೆ ಕೇಳಿಸುವುದೇ ಇಲ್ಲ.

ಗುರುಗಳಾಗುವವರಿಗೆ

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮಾನವನು ಜೀವಿಗಳಿಗೆ ಹೆಸರಿಡುವುದು ದೇವರು ಅವುಗಳನ್ನು ಅವನ ಬಳಿಗೆ ತಂದ ಮೇಲೆ, ದೂರದಿಂದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯದಲ್ಲಿ ಪೇತ್ರನು ಕೊರ್ನೇಲಿಯನ ಮನೆಯೊಳಗೆ ಕಾಲಿಟ್ಟ ಮೇಲೆ, ಯಾವ ಮನುಷ್ಯನನ್ನೂ ಅಶುದ್ಧನೆಂದು ಕರೆಯಬಾರದೆಂದು ದೇವರು ತನಗೆ ತೋರಿಸಿಕೊಟ್ಟರೆಂದು ಒಪ್ಪಿಕೊಳ್ಳುತ್ತಾನೆ. ಬಳಿಕ ಅವನು ಮೊದಲು ಮಾಡುವುದು ಬೋಧನೆಯಲ್ಲ. ನನ್ನನ್ನು ಏಕೆ ಕರೆಸಿದಿರಿ ಎಂಬ ಪ್ರಶ್ನೆ.

ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಜನರನ್ನು ಜಾತಿಯ ಹೆಸರಿನಿಂದ, ಹಳಬರು ಹೊಸಬರು ಎಂಬ ಭೇದದಿಂದ ಗುರುತಿಸುವ ರೂಢಿ ಉಳಿದಿದೆ. ದೀಕ್ಷಾಸ್ನಾನದ ದಾಖಲೆಪುಸ್ತಕದಲ್ಲಿ ಇಲ್ಲದ ಈ ಹೆಸರುಗಳು ಸ್ಮಶಾನದ ಜಾಗ ಹಂಚುವಾಗಲೂ ಪಾಲನಾ ಸಮಿತಿಗೆ ಸದಸ್ಯರನ್ನು ಆರಿಸುವಾಗಲೂ ತಲೆಯೆತ್ತುತ್ತವೆ. ಗೋವೆಯ ನ್ಯಾಯಮಂಡಳಿ 1812ರಲ್ಲಿ ಕೊನೆಗೊಂಡಿತು. ಹೊರಗಿನಿಂದ ಹೆಸರಿಡುವ ಅಭ್ಯಾಸ ಅದರೊಡನೆ ಕೊನೆಗೊಳ್ಳಲಿಲ್ಲ. ತೆಂಗಿನ ಸೀಮೆಗೆ ಹೋಗುವ ಗುರು ಅಟ್ಟದ ಮೇಲೆ ಏನಿದೆಯೆಂದು ತೋಟದವರನ್ನು ಕೇಳಲಿ. ತನ್ನ ಮುಂದೆ ನಿಂತವರು ಯಾರೆಂಬುದನ್ನು ಅವರ ಬಾಯಿಂದಲೇ ತಿಳಿಯಲಿ. ಬೋಧನೆಗೆ ಬೇಕಾದ ಮಾತುಗಳು ಅವನಿಗೆ ದೊರೆಯುವುದು ಅಲ್ಲಿಂದಲೇ.